ಉಡಿ ತುಂಬಿದ ರೆಕ್ಕೆ

ನಮ್ಮ ಮನೆಯಲ್ಲಿ ಅಪ್ಪ ಒಂದು ವಿಮಾನ ಕಟ್ಟಿದ್ದರು ಎಂದು ಹೇಳಿದರೆ, ಅದು ಹಾರಿತೇ ಎಂದು ಯಾರೂ ಮೊದಲು ಕೇಳುವುದಿಲ್ಲ. ಬಾಗಿಲಿನಿಂದ ಅದನ್ನು ಹೊರಗೆ ಹೇಗೆ ತಂದಿರಿ ಎಂದು ಕೇಳುತ್ತಾರೆ. ಕೇಳುವಾಗಲೇ ತುಟಿಯಂಚಿನಲ್ಲಿ ನಗು ಇರುತ್ತದೆ. ಜಗಳೂರಿನಂಥ ಊರಿನ ಮನುಷ್ಯ ವಿಮಾನವನ್ನೇನೋ ಕಟ್ಟಿಯಾನು, ಬಾಗಿಲು ಅಳೆಯುವುದನ್ನು ಮಾತ್ರ ಮರೆತೇ ಇರುತ್ತಾನೆ ಎಂಬ ಖಾತ್ರಿ ಅವರಿಗೆ. ನಾನು ಅವರಿಗೆ ನಿರಾಸೆ ಮಾಡಬೇಕಾಗುತ್ತದೆ. ನಮ್ಮಪ್ಪ ಮರಕ್ಕೆ ಉಳಿ ಹಚ್ಚುವ ಮೊದಲೇ ಬಾಗಿಲು ಅಳೆದಿದ್ದರು. ತಲೆಬಾಗಿಲು, ನಡುಬಾಗಿಲು, ಹಿತ್ತಿಲ ಬಾಗಿಲು ಎಲ್ಲವನ್ನೂ ಅಳೆದು, ರೆಕ್ಕೆಯನ್ನು ಮಗ್ಗುಲಾಗಿ ಹಿಡಿದರೆ ಪಡಸಾಲೆಯಿಂದ ನೇರವಾಗಿ ಬೀದಿಗೆ ಬರುತ್ತದೆಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ತೋರಿಸಿದ್ದರು. ಅಜ್ಜಿ ಆ ಗೆರೆ ನೋಡಿ, ಹಬ್ಬಕ್ಕೆ ಬಳಿದ ಸುಣ್ಣವೆಲ್ಲ ಹಾಳಾಯಿತೆಂದು ವಾರಗಟ್ಟಲೆ ಬೈದಳು. ಅಪ್ಪ ಎಲ್ಲವನ್ನೂ ಅಳೆದು ಮಾಡುವ ಮನುಷ್ಯ. ಆಡುವ ಮಾತೊಂದನ್ನು ಬಿಟ್ಟು.

ನಮ್ಮದು ಮಾಳಿಗೆ ಮನೆ. ಮಣ್ಣಿನ ಚಪ್ಪಟೆ ಸೂರು, ಅದನ್ನು ಹೊತ್ತ ದಪ್ಪ ಕಂಬಗಳು, ನಡುವೆ ಬೆಳಕಿಂಡಿ. ಬೆಳಗಿನ ಹೊತ್ತು ಆ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು ಪಡಸಾಲೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದು ಬೀಸುಕಲ್ಲಿನ ಹತ್ತಿರ ಬಂದರೆ ರೊಟ್ಟಿ ಬಡಿಯುವ ಹೊತ್ತು, ದೇವರ ಗೂಡಿಗೆ ತಾಕಿದರೆ ಊಟದ ಹೊತ್ತು. ಮಳೆಗಿಂತ ಗಾಳಿಯೇ ಹೆಚ್ಚಾದ ಸೀಮೆ ಅದು. ಜೋಳದ ರೊಟ್ಟಿ, ಹುರುಳಿ ಕಟ್ಟಿನ ಸಾರು, ಶೇಂಗಾ ಚಟ್ನಿಪುಡಿ ಇಷ್ಟರಲ್ಲೇ ವರ್ಷ ಕಳೆಯುತ್ತಿತ್ತು. ಈ ಮನೆಯ ಯಜಮಾನಿಕೆ ಅಜ್ಜಿಯದು. ಅಪ್ಪನ ತಾಯಿ. ಅವಳ ಕಾನೂನುಗಳಲ್ಲಿ ದೊಡ್ಡದು ಯಾವುದೆಂದರೆ, ಹಿರಿಯರಿರುವ ಮನೆಯಲ್ಲಿ ಗಂಡ ಹೆಂಡಿರು ಮುಖ ನೋಡಿ ಮಾತಾಡಕೂಡದು. ಅವ್ವನಿಗೆ ಅಪ್ಪನ ಹತ್ತಿರ ಏನಾದರೂ ಹೇಳುವುದಿದ್ದರೆ ನನ್ನನ್ನು ನೋಡಿ ಹೇಳುತ್ತಿದ್ದಳು: "ಎಣ್ಣೆ ಆಗೈತೆ ಅಂತ ನಿಮ್ಮಪ್ಪಗೆ ಹೇಳು." ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು. "ತರ್ತೀನಿ ಅಂತ ಹೇಳು," ಎನ್ನುತ್ತಿದ್ದರು. ಮದುವೆಯಾಗಿ ನಾನು ಹುಟ್ಟಿ ಇಷ್ಟೆತ್ತರ ಆದರೂ ಅವರಿಬ್ಬರ ಸಂಸಾರದ ಮಾತು ನನ್ನ ಬಾಯಿಂದಲೇ ನಡೆಯುತ್ತಿತ್ತು.

ಅಪ್ಪ ಒಂದು ಬಸ್ಸು ಇಟ್ಟಿದ್ದರು. ಬೆಳಗ್ಗೆ ದಾವಣಗೆರೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುವ ಬಸ್ಸು. ಅದನ್ನು ಓಡಿಸುತ್ತಿದ್ದವರು ಚನ್ನಗಿರಿ ಕಡೆಯ ಬುಡನ್ ಸಾಹೇಬರು. ಬಸ್ಸು ಕೆಟ್ಟಾಗ ಅದರ ಹೊಟ್ಟೆಯ ಕೆಳಗೆ ಇಬ್ಬರೂ ಒಟ್ಟಿಗೆ ಮಲಗಿರುತ್ತಿದ್ದರು, ಹೊರಗೆ ನಾಲ್ಕು ಕಾಲು ಮಾತ್ರ ಕಾಣುತ್ತಿತ್ತು. ಒಂದು ದಿನ ದಾವಣಗೆರೆಯ ಹೊರಗಿನ ಬಯಲಿಗೆ ಯಾರೋ ಪ್ರದರ್ಶನಕ್ಕೆಂದು ವಿಮಾನ ತಂದಿದ್ದರಂತೆ. ಅಪ್ಪ ಬಸ್ಸನ್ನು ಸಾಹೇಬರ ಪಾಲಿಗೆ ಬಿಟ್ಟು ದಿನವಿಡೀ ಅಲ್ಲೇ ನಿಂತು, ಸಂಜೆ ಯಾರದೋ ಗಾಡಿ ಹತ್ತಿ ಮನೆಗೆ ಬಂದರು. ಬಂದವರು ಕಾಲು ತೊಳೆಯಲಿಲ್ಲ, ಅಜ್ಜಿಯ ಕಡೆ ನೋಡಲಿಲ್ಲ. ನೇರ ಅಡುಗೆಮನೆಯ ಹೊಸ್ತಿಲು ದಾಟಿ ಒಲೆಯ ಮುಂದೆ ಕೂತಿದ್ದ ಅವ್ವನಿಗೆ ಹೇಳಿದರು:

"ರೆಕ್ಕೆ ಬಟ್ಟೇದು ಕಣೇ!"

ಅವ್ವ ತಲೆ ಮೇಲಿನ ಸೆರಗು ಎಳೆದುಕೊಂಡು ನನ್ನನ್ನು ಹುಡುಕಿದಳು, ಉತ್ತರ ಕಳಿಸಲು. ನಾನು ದೂರ ಇದ್ದೆ. ಕೊನೆಗೆ ಅವಳೇ ಕೇಳಿದಳು:

"ಯಾತರ ರೆಕ್ಕೆ ರೀ?"

"ಇಮಾನದ್ದು! ನಾನು ಕಬ್ಬಿಣ ಅನ್ಕಂಡಿದ್ದೆ. ಮುಟ್ಟಿ ನೋಡಿದೆ. ಮರದ ಪಟ್ಟಿ, ಅದರ ಮ್ಯಾಲೆ ಬಟ್ಟೆ. ಹೊಲಿಗೆ ಹಾಕ್ಯಾರೆ. ನಿನ್ನ ಕೌದಿ ಹೊಲಿಗೆ ಅದಕ್ಕಿಂತ ಗಟ್ಟಿ ಐತೆ."

ನಮ್ಮ ಮನೆಯ ವಿಮಾನ ಶುರುವಾದದ್ದು ಹಾಗೆ, ಒಲೆಯ ಮುಂದೆ. ಅವ್ವನ ತವರು ನ್ಯಾಮತಿ. ಅಲ್ಲಿನ ಹೆಂಗಸರು ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಅವ್ವ ಹೊಲಿದ ಕೌದಿಯನ್ನು ಮೂರು ತಲೆಮಾರು ಹೊದ್ದರೂ ಒಂದು ದಾರ ಬಿಚ್ಚಿಕೊಳ್ಳುವಂತಿರಲಿಲ್ಲ. ಆದರೆ ಅತ್ತೆಯ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೊಗಳಿರಲಿಲ್ಲ. ಅಪ್ಪ ಆ ದಿನ ಹೊಗಳಿದರು. ಅವರಿಗೆ ಬೇಕಾದದ್ದು ದೊಡ್ಡದೇನಲ್ಲ: ತನ್ನ ಮನೆಯಲ್ಲಿ ಕಟ್ಟಿದ್ದರಲ್ಲಿ ಕೂತು ಒಂದೇ ಒಂದು ಸಲ ನೆಲ ಬಿಡಬೇಕು. ಅವ್ವನಿಗೆ ಬೇಕಾದದ್ದು, ತಾನು ಹಾಕಿದ ಹೊಲಿಗೆ ಅಲ್ಲಿ ಮೇಲೆ ನಿಲ್ಲಬೇಕು.

ದಾವಣಗೆರೆಯ ಒಂದು ಗಿರಣಿಯಲ್ಲಿದ್ದ ಎಂಜಿನಿಯರೊಬ್ಬರು ಇಂಗ್ಲಿಷ್ ಪತ್ರಿಕೆಯೊಂದರಿಂದ ಕತ್ತರಿಸಿಟ್ಟಿದ್ದ ನಕ್ಷೆ ಕೊಟ್ಟರು. ವಿಲಾಯತಿಯಲ್ಲಿ ಮೇಷ್ಟರು, ಬಡಗಿಗಳು, ಅಂಗಡಿಯವರು ಕೂಡ ರಜೆಯ ದಿನ ಮನೆಯ ಹಿಂದೆ ಇಂಥದ್ದನ್ನು ಕಟ್ಟಿಕೊಂಡು ಹಾರುತ್ತಾರಂತೆ. ಒಬ್ಬರೇ ಕೂರುವ ಸಣ್ಣ ವಿಮಾನ. ತಲೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಹಾಸಿನ ರೆಕ್ಕೆ. ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಮರ ಬೇಕೆಂದು ಅಪ್ಪ ಅಲೆದಾಡಿದರು, ಕೊನೆಗೆ ನ್ಯಾಮತಿಯ ನಮ್ಮ ಸೋದರಮಾವ ಶಿವನಿ ಮರದ ಹಲಗೆಗಳನ್ನು ಗಾಡಿಯಲ್ಲಿ ಕಳಿಸಿದ. ರೆಕ್ಕೆಯೊಳಗಿನ ಪಕ್ಕೆಲುಬುಗಳಿಗೆ ಸೀಳಿದ ಬಿದಿರು. ಹೊನ್ನಾಳಿಯಲ್ಲಿ ಅಮಲ್ದಾರರೊಬ್ಬರು ಮೂಲೆಗೆ ಹಾಕಿದ್ದ ಮೋಟರು ಸೈಕಲ್ಲಿನ ಎಂಜಿನ್ನನ್ನು ಬುಡನ್ ಸಾಹೇಬರು ಹೊಳೆ ದಾಟಿಸಿ ತಂದರು. ಅದು ಮೊದಲ ಸಲ ಗುಡುಗಿದ ದಿನ ನಮ್ಮ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿ, ಎರಡು ಹೊತ್ತು ಹಾಲು ಕೊಡಲಿಲ್ಲ. ಅಜ್ಜಿ ಅದನ್ನೂ ವಿಮಾನದ ಖಾತೆಗೇ ಸೇರಿಸಿದಳು.

ದೊಡ್ಡ ಜಗಳ ಆದದ್ದು ಅಂಟಿನ ವಿಷಯಕ್ಕೆ. ಬಟ್ಟೆ ಬಿಗಿಯಾಗಿ ತಮಟೆಯಂತೆ ನಿಲ್ಲಲು ಅದಕ್ಕೆ ಬಳಿಯುವ ಒಂದು ಬಣ್ಣ ನಕ್ಷೆಯಲ್ಲಿತ್ತು. ಅದು ನಮ್ಮ ಕಡೆ ಎಲ್ಲಿ ಸಿಗಬೇಕು? ಜಗಳೂರಿನ ಸುತ್ತ ಕಂಬಳಿ ನೇಯುವವರು ಹುಣಸೆ ಬೀಜದ ಅಂಟು ಹಚ್ಚಿ ನೂಲು ಬಿಗಿ ಮಾಡುತ್ತಾರೆ. ಅದನ್ನೇ ಹಚ್ಚೋಣ ಎಂದರು ಅಪ್ಪ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಒರಳಿನಲ್ಲಿ ರುಬ್ಬಿ, ಕುದಿಸಬೇಕು. ಅವ್ವ ದಿನವೂ ರುಬ್ಬಿದಳು. ಒರಳು ಎಷ್ಟು ತೊಳೆದರೂ ಅಂಟು ಹೋಗದೆ ಚಟ್ನಿಯಲ್ಲೆಲ್ಲ ಹುರಿದ ಬೀಜದ ಒಗರು. ಅಜ್ಜಿ ತಟ್ಟೆ ದೂಡಿ ಎದ್ದಳು.

"ಇಮಾನಕ್ಕೆ ಮಾಡಿದ್ದು ನಮಗ್ಯಾಕೆ ಬಡಿಸ್ತೀಯೇ ಪಾರ್ವತೀ? ನಾನೇನು ಹಾರ್ಬೇಕಾ?"

ಅವ್ವ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ತಡೆಯಲಿಲ್ಲ, ನಕ್ಕೇಬಿಟ್ಟರು. ಅಜ್ಜಿ ಆ ಹೊತ್ತು ಬೆಲ್ಲ ಶೇಂಗಾ ತಿಂದು ಮಲಗಿದಳು.

ಅಷ್ಟೆಲ್ಲ ಆದ ಮೇಲೆ ಬಂದದ್ದು ಹೊಲಿಗೆ. ನನ್ನ ಬಾಲ್ಯದಲ್ಲಿ ಮರಳಿ ಹೋಗಿ ಕೂರಬಹುದಾದ ಜಾಗ ಒಂದಿದ್ದರೆ ಅದು ಆ ಪಡಸಾಲೆ, ಆ ಹೊಲಿಗೆಯ ದಿನಗಳು. ರೆಕ್ಕೆಯ ಮೇಲುಗಡೆ ಒಂದು ಬಟ್ಟೆ, ಕೆಳಗಡೆ ಒಂದು ಬಟ್ಟೆ. ಎರಡನ್ನೂ ಒಳಗಿನ ಬಿದಿರಿಗೆ ಸೇರಿಸಿ ಹೊಲಿಯಬೇಕು. ಅದಕ್ಕೆ ರೆಕ್ಕೆಯನ್ನು ಗೋಡೆಯಂತೆ ಎಬ್ಬಿಸಿ ನಿಲ್ಲಿಸಿ, ಒಬ್ಬರು ಈಚೆ ಕೂತು ದಬ್ಬಣ ಚುಚ್ಚಿದರೆ ಇನ್ನೊಬ್ಬರು ಆಚೆ ಕೂತು ಎಳೆದುಕೊಂಡು ಬಿದಿರಿನ ಮಗ್ಗುಲಿಂದ ವಾಪಸು ಚುಚ್ಚಬೇಕು. ಅಪ್ಪ ಆಚೆ, ಅವ್ವ ಈಚೆ. ಊಟ ಆಗಿ ಅಜ್ಜಿ ಅಡ್ಡಾದ ಮೇಲೆ ಶುರುವಾದರೆ ದೀಪ ಹಚ್ಚುವ ತನಕ. ಒಬ್ಬರ ಮುಖ ಒಬ್ಬರಿಗೆ ಕಾಣದು. ಎದುರೆದುರು ಕೂತು ಮಾತಾಡಕೂಡದು ಎಂಬುದು ಅಜ್ಜಿಯ ಕಾನೂನು. ನಡುವೆ ವಿಮಾನದ ರೆಕ್ಕೆ ಇದ್ದಾಗ ಏನು ಮಾಡಬೇಕೆಂದು ಆ ಕಾನೂನಿನಲ್ಲಿ ಇರಲಿಲ್ಲ. ಮೊದಲು ಕೆಲಸದ ಮಾತು ಮಾತ್ರ.

"ಬಂತು, ಹಿಡೀರಿ."

"ಹಿಡಿದೆ. ಎಳೀಲಾ?"

"ಮೆಲ್ಲಕೆ ರೀ. ಹರೀತೈತೆ."

ಆಮೇಲೆ ದಾರದ ಜೊತೆ ಬೇರೆ ಮಾತುಗಳೂ ದಾಟತೊಡಗಿದವು. ನಾನು ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದೆ. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ, ಯಾರ ಮಾತನ್ನೂ ನಾನು ಹೊತ್ತೊಯ್ಯಬೇಕಾಗಿರಲಿಲ್ಲ.

"ಮ್ಯಾಲಿಂದ ನ್ಯಾಮತಿ ಕಾಣ್ತೈತೇನ್ರಿ?" ಎಂದು ಒಂದು ದಿನ ಅವ್ವ ಕೇಳಿದಳು.

"ನ್ಯಾಮತಿ ಎಲ್ಲಿ, ನಾವೆಲ್ಲಿ! ಕಾಣಾಕಿಲ್ಲ."

"ಹೊನ್ನಾಳಿ ಹೊಳಿ?"

"ಅದೂ ಕಾಣಾಕಿಲ್ಲ. ಆಳೆತ್ತರ ಎದ್ರೆ ಸಾಕು ನನಗೆ."

"ಆಳೆತ್ತರಕ್ಕಾ ನನ್ನ ಕೈಲಿ ಇಷ್ಟು ಹೊಲಿಗೆ ಹಾಕ್ಸಿದ್ದು? ಅಟ್ಟ ಹತ್ತಿ ನಿಂತಿದ್ರೆ ಆಗ್ತಿತ್ತಲ್ರೀ!"

ಆಚೆಯಿಂದ ಅಪ್ಪ ನಕ್ಕ ರಭಸಕ್ಕೆ ರೆಕ್ಕೆಯ ಬಟ್ಟೆ ಅಲುಗಿತು. ಅವ್ವ ಈ ಥರ ಮಾತಾಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಆ ದಿನಗಳಲ್ಲಿ ಬಸ್ಸು ವಾಪಸು ಬಂದ ಕೂಡಲೇ ಅಪ್ಪ ಉಳಿದ ಕೆಲಸ ಸಾಹೇಬರಿಗೆ ಬಿಟ್ಟು ಊಟಕ್ಕೆ ಮನೆಗೆ ಬರುತ್ತಿದ್ದರು, ದಾವಣಗೆರೆಯಿಂದ ಅವ್ವನಿಗೆ ಎಳೆ ಸಣ್ಣದಾದ ಗಟ್ಟಿ ದಾರ ಹುಡುಕಿ ತರುತ್ತಿದ್ದರು. ಬೇರೆಯವರ ಮನೆಯಲ್ಲಿ ಮಲ್ಲಿಗೆ ತರುತ್ತಾರೆ. ನಮ್ಮ ಮನೆಗೆ ದಾರದ ಉಂಡೆ ಬರುತ್ತಿತ್ತು. ಅವ್ವ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ ಒಳಗಿಡುತ್ತಿದ್ದಳು.

ಕೊನೆಯ ತುದಿಯನ್ನು ಮುಚ್ಚುವ ಕೆಲಸ ಒಬ್ಬರದೇ, ಅದನ್ನು ಅವ್ವ ಮಾಡಿದಳು. ಆಗಲೇ ಆದದ್ದು ನಾನು ಹೇಳಹೊರಟದ್ದು. ಅವ್ವನ ಕಡೆಯವರಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಅದರ ಉಡಿ ತುಂಬುತ್ತಾರೆ. ತವರಿಂದ ಹೊರಟ ಮಗಳಿಗೆ, ಬಸುರಿ ಹೆಂಗಸಿಗೆ ಮಡಿಲು ತುಂಬುವ ಹಾಗೆಯೇ. ಒಂದಿಷ್ಟು ಅಕ್ಕಿ, ಒಂದು ಚೂರು ಕೊಬ್ಬರಿ, ಅರಿಶಿನದ ಕೊಂಬು, ಅಡಿಕೆ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚಿದರೆ ಹೊದ್ದವರ ಮನೆಯಲ್ಲಿ ಹಸಿವು ತಪ್ಪದು ಎಂದು ನಂಬಿಕೆ. ಹಾಗಾಗಿ ಅವ್ವ ರೆಕ್ಕೆಯ ತುದಿಯಲ್ಲಿ ಒಂದು ಚೀಲದಷ್ಟು ಜಾಗ ಬಿಟ್ಟುಕೊಂಡು, ಹೊಸ ಕುಬುಸದ ಕಣದ ಬಟ್ಟೆಯಲ್ಲಿ ಇದೆಲ್ಲವನ್ನೂ ಕಟ್ಟಿ ಒಳಗಿಟ್ಟಳು. ಬೇರೆ ಕೌದಿಗೆ ಬೊಗಸೆ ಅಕ್ಕಿಯಾದರೆ ಇದು ಪಡಸಾಲೆಯಷ್ಟು ಉದ್ದದ್ದು, ಜೊತೆಗೆ ಗಂಡನನ್ನು ಹೊತ್ತು ಮೇಲೇಳಬೇಕಾದದ್ದು. ಕೈ ಸ್ವಲ್ಪ ಧಾರಾಳವಾಯಿತು. ನೋಡುತ್ತಿದ್ದ ಅಜ್ಜಿಗೆ ಅದೂ ಸಾಲಲಿಲ್ಲ.

"ಹೊಟ್ಟೆ ತುಂಬ್ತೇನೇ ಅದರದ್ದು?"

"ತುಂಬ್ತು ಅತ್ತೆ."

"ಏನು ತುಂಬ್ತು? ಇಷ್ಟು ದೊಡ್ಡ ಮೈ! ತಾ ಇಲ್ಲಿ," ಎಂದು ಅಜ್ಜಿ ತಾನೇ ಎದ್ದು ಹೋಗಿ ಒಂದು ಇಡೀ ಕೊಬ್ಬರಿ ಗಿಟುಕು, ಒಂದು ಅಚ್ಚು ಬೆಲ್ಲ ತಂದು ಸೇರಿಸಿದಳು. ವಿಮಾನದ ಕೆಲಸದಲ್ಲಿ ಅಜ್ಜಿ ಕೈ ಹಾಕಿದ್ದು ಅದೊಂದೇ ಸಲ. ಅತ್ತೆ ಸೊಸೆ ಸೇರಿ ಬಾಯಿ ಮುಚ್ಚಿ ಹೊಲಿದು, ಮೇಲೆ ಹುಣಸೆ ಅಂಟು, ಅದರ ಮೇಲೆ ವಾರ್ನಿಷು ಬಳಿದರು. ಇದನ್ನು ಅವರು ಅಪ್ಪನಿಂದ ಮುಚ್ಚಿಟ್ಟರು ಎಂದಲ್ಲ. ಕೌದಿಯ ಉಡಿಯ ವಿಷಯ ಗಂಡಸರಿಗೆ ಹೇಳುವಂಥದ್ದೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. ಹೋಳಿಗೆಯ ಕಣಕಕ್ಕೆ ಎಷ್ಟು ಎಣ್ಣೆ ಹಾಕಿದೆವೆಂದು ಹೇಳುತ್ತೇವೆಯೇ?

ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಅಂಗಳ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಒಂದು ಬೆಳಗ್ಗೆ ವಿಮಾನವನ್ನು ಅಲ್ಲಿಗೆ ಸಾಗಿಸಿದರು. ಹಾರುವುದನ್ನು ಕಲಿಸಿಕೊಡುವವರು ಯಾರಿದ್ದರು? ಪತ್ರಿಕೆಯಲ್ಲಿ ಬರೆದದ್ದೇ ಗುರು. ಹಿಂದಿನ ದಿನಗಳಲ್ಲಿ ಅಪ್ಪ ನೆಲದ ಮೇಲೆ ಅತ್ತಿಂದಿತ್ತ ಓಡಿಸಿ ಕೈ ಪಳಗಿಸಿಕೊಂಡಿದ್ದರು. ಊರಿಗೆ ಊರೇ ಕೆರೆಯಲ್ಲಿತ್ತು. ನಮ್ಮಂಥ ಮನೆಯ ಹೆಂಗಸರು ಆ ಗುಂಪಿಗೆ ಹೋಗುವ ಹಾಗಿರಲಿಲ್ಲ. ಅವ್ವ, ಅಜ್ಜಿ, ನಾನು ಮಾಳಿಗೆ ಹತ್ತಿ ನಿಂತೆವು. ಅಲ್ಲಿಂದ ಕೆರೆಯ ಅಂಗಳ ಅಂಗೈಯಷ್ಟು ಕಾಣುತ್ತಿತ್ತು. ಕೆಳಗೆ ಒಲೆಯ ಮೇಲೆ ಹೋಳಿಗೆಯ ಹೂರಣ ಇತ್ತು, ಬಂದವರಿಗೆಲ್ಲ ಬಡಿಸಲೆಂದು. ಎಂಜಿನ್ನಿನ ಸದ್ದು ಬಂತು. ಧೂಳೆದ್ದಿತು. ಧೂಳಿನ ಮುಂದೆ ಬಿಳಿಯದೊಂದು ಪಟ್ಟಿ ಓಡಿತು, ಓಡುತ್ತಾ ಓಡುತ್ತಾ ತನ್ನ ನೆರಳಿನಿಂದ ಬಿಡಿಸಿಕೊಂಡಿತು.

"ಎದ್ದಿತು ಅತ್ತೆ! ನೆಲ ಬಿಟ್ಟೈತೆ, ನೋಡ್ರಿ, ನೆಲ ಬಿಟ್ಟೈತೆ!"

ಅವ್ವ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅಷ್ಟರಲ್ಲಿ ಏರಿಯ ಕಡೆಯಿಂದ ಒಂದು ಗಾಳಿ ಬಂತು. ಅವಳ ಸೆರಗು ಹಾರಿ ಅಜ್ಜಿಯ ಮುಖ ಮುಚ್ಚಿತು. ಅಜ್ಜಿ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅಲ್ಲಿ ರೆಕ್ಕೆಯ ಒಂದು ತುದಿ ಬಾಗಿ, ನೆಲಕ್ಕೆ ತಾಕಿ, ವಿಮಾನ ಗಿರಕಿ ಹೊಡೆದು ಧೂಳಿನಲ್ಲಿ ಮಲಗಿತು.

ಅಪ್ಪನಿಗೆ ಗದ್ದ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆದದ್ದು ಬೇರೆ. ನೆಲಕ್ಕೆ ಬಡಿದ ತುದಿ ಬಾಯಿಬಿಟ್ಟು, ಸೇರಿದ ಜನರ ಮುಂದೆ ಅಕ್ಕಿ ಸುರಿಯಿತು. ಕೊಬ್ಬರಿ ಗಿಟುಕು ಉರುಳಿತು. ಅರಿಶಿನ, ಅಡಿಕೆ, ಬೆಲ್ಲ. ಮೊದಲು ಯಾರಿಗೂ ಅರ್ಥವಾಗಲಿಲ್ಲವಂತೆ. ಆಮೇಲೆ ಯಾರೋ ಒಬ್ಬ, "ರುದ್ರಪ್ನೋರ ಇಮಾನಕ್ಕೆ ಉಡಿ ತುಂಬ್ಯಾರಪ್ಪೋ! ಬಸ್ರಿ ಹೆಂಗಸು ಎಲ್ಲಿ ಹಾರ್ತಾಳೆ?" ಎಂದ. ಕೆರೆಗೆ ಕೆರೆಯೇ ನಕ್ಕಿತು. ಅದುವರೆಗೆ ಅಪ್ಪನನ್ನು ಹುಚ್ಚ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದವರು ಆ ದಿನ ಮುಖದೆದುರೇ ನಕ್ಕರು.

ರೆಕ್ಕೆ ಹೊತ್ತವರ ಮುಂದೆ ಅಪ್ಪ ಮನೆಯ ಅಂಗಳಕ್ಕೆ ಬಂದರು. ಗದ್ದದಿಂದ ರಕ್ತ ಇಳಿಯುತ್ತಿತ್ತು. ಕೈಯಲ್ಲಿ ಆ ಕುಬುಸದ ಕಣದ ಗಂಟು. ಅವ್ವ ರಕ್ತ ಒರೆಸಲು ಬಟ್ಟೆ ಹಿಡಿದು ಓಡಿ ಬಂದಳು. ಅಪ್ಪ ಗಂಟನ್ನು ಅವಳ ಕಾಲ ಬಳಿ ಎಸೆದರು.

"ಏನಿದು?"

"ಉಡಿ, ರೀ."

"ಯಾರು ಹೇಳಿದ್ರು ಹಾಕಾಕೆ?"

ಅವ್ವ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೆರಗು ಸರಿಪಡಿಸಿಕೊಂಡಳು.

"ಕೌದಿಗೆ ಹಾಕ್ತೀವಲ್ರೀ, ಹಂಗೇ..."

"ಇದು ಕೌದಿ ಏನೇ? ನಿನ್ನಂಥ ಹಳ್ಳಿಮುಕ್ಕಿ ಕೈಗೆ ದಬ್ಬಣ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ. ಇನ್ನೊಂದ್ಸಲ ಈ ರೆಕ್ಕೆ ಮುಟ್ಟಬ್ಯಾಡ ನೀನು!"

ಹೊತ್ತು ತಂದವರು ನಿಂತಿದ್ದರು. ಬುಡನ್ ಸಾಹೇಬರು ನೆಲ ನೋಡುತ್ತಿದ್ದರು. ತಾನೂ ಬೆಲ್ಲ ಕೊಬ್ಬರಿ ಹಾಕಿದೆನೆಂದು ಅಜ್ಜಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅವ್ವ ಬಗ್ಗಿ ಗಂಟು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಉಳಿದ ಅಕ್ಕಿಯನ್ನು ಎಮ್ಮೆಯ ಬಾನಿಗೆ ಹಾಕಿದಳು. ಆಮೇಲೆ ಒಳಗೆ ಹೋಗಿ ಹೋಳಿಗೆ ಬೇಯಿಸಿ, ಬಂದವರಿಗೆಲ್ಲ ತುಪ್ಪ ಹಾಕಿ ಬಡಿಸಿದಳು. ಅಪ್ಪನ ಎಲೆಗೂ ಬಡಿಸಿದಳು. ನಾನು ಇಷ್ಟು ವರ್ಷಗಳಲ್ಲಿ ಬೇಕಾದಷ್ಟು ಸಿಟ್ಟು ನೋಡಿದ್ದೇನೆ. ಆ ಹೋಳಿಗೆಯಂಥ ಸಿಟ್ಟು ನೋಡಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡರು, ಮಲಗಿದರು, ಎದ್ದರು. ಜಗಳ ಅಲ್ಲೇ ಇತ್ತು. ಮತ್ತೆ ಅವರ ಮಾತು ನನ್ನ ಬಾಯಿಗೆ ಬಂತು. "ಬಿಸಿನೀರು ಕಾದೈತೆ ಅಂತ ಹೇಳು." "ಬರ್ತೀನಿ ಅಂತ ಹೇಳು." ಅವ್ವ ಕೌದಿ ಹೊಲಿಯುವುದನ್ನು ಬಿಡಲಿಲ್ಲ, ಆದರೆ ಕೊನೆಯ ಮೂಲೆಯನ್ನು ಏನೂ ಇಡದೆ ಸುಮ್ಮನೆ ಮುಚ್ಚತೊಡಗಿದಳು. ಅಜ್ಜಿ ಹಸಿದ ಹೊಟ್ಟೆ ಮುಚ್ಚಬೇಡವೇ ಎಂದು ಗೊಣಗಿದರೆ, "ಭಾರ ಆಗ್ತೈತೆ ಬಿಡ್ರಿ ಅತ್ತೆ," ಎನ್ನುತ್ತಿದ್ದಳು. ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು.

ಅಪ್ಪ ಬಿದ್ದಾಗ ಹರಿದುಹೋಗಿದ್ದ ರೆಕ್ಕೆಯ ಬಟ್ಟೆಯನ್ನೆಲ್ಲ ಬಿಚ್ಚಿ, ಮುರಿದ ತುದಿಗೆ ಹೊಸ ಬಿದಿರು ಕಟ್ಟಿ ರಿಪೇರಿ ಮಾಡಿದರು. ಒಂದು ದಿನ ನಾನು ಬಸ್ಸಿನ ಕೊಟ್ಟಿಗೆಗೆ ಮಜ್ಜಿಗೆ ಒಯ್ದಾಗ, ಅವರು ರೆಕ್ಕೆಯನ್ನು ಎರಡು ಕಡೆ ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿದ್ದರು, ತೊಟ್ಟಿಲಿನ ಹಾಗೆ. ಒಂದು ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಕಟ್ಟಿ ತುದಿಗೆ ಇಳಿಬಿಟ್ಟರು. ರೆಕ್ಕೆ ಒಂಚೂರು ಬಾಗಿತು. ನಿಂತಿತು. ಗುಬ್ಬಿ ಬಂದು ಕೂತಿದ್ದರೂ ಅಷ್ಟು ಬಾಗುತ್ತಿತ್ತೇನೋ. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು. ಗಂಟು ಬಿಚ್ಚಿ ಮತ್ತೆ ಕಟ್ಟಿ ನೋಡಿದರು. ಆ ದಿನ ವಿಮಾನವನ್ನು ಮಲಗಿಸಿದ್ದು ಏರಿಯ ಕಡೆಯ ಗಾಳಿ ಮತ್ತು ಪಳಗದ ಕೈ. ಉಡಿ ಅಲ್ಲ. ಅಷ್ಟನ್ನು ನಾನೂ ತಿಳಿದುಕೊಂಡೆ. ಓಡಿ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಬೀಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. ನಾನು ಅವಳ ಮುಖ ಅರಳಬಹುದೆಂದು ಕಾದೆ.

"ನೀ ಹೇಳಿದ್ರೆ ಏನು ಬಂತು? ನಿಮ್ಮಪ್ಪ ಹೇಳ್ಲಿ."

ಅಪ್ಪ ಹೇಳಲಿಲ್ಲ. ಊಟಕ್ಕೆ ಕೂತಾಗ ಬಾಯಿ ತೆರೆಯುತ್ತಿದ್ದರು, ರೊಟ್ಟಿ ಇಟ್ಟು ಮುಚ್ಚುತ್ತಿದ್ದರು. ಅಜ್ಜಿ ಅದನ್ನು ನೋಡಿ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದು ಗೋಡೆಗೆ ಹೇಳುತ್ತಿದ್ದಳು. ಗೋಡೆಗೆ ಹೇಳುವ ಬದಲು ಮಗನಿಗೆ ಹೇಳಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ರಿಪೇರಿಯಾದ ರೆಕ್ಕೆಗೆ ಹೊಸ ಬಟ್ಟೆ ಬೇಕಿತ್ತು, ಬಟ್ಟೆಗೆ ಹೊಲಿಗೆ ಬೇಕಿತ್ತು. ಪೇಟೆಯ ದರ್ಜಿ ಬಂದು ನೋಡಿ, ಇದು ಮಿಷನ್ನಿನ ಕೆಳಗೆ ಹೋಗುವಂಥದ್ದಲ್ಲ ಎಂದು ಕೈಮುಗಿದು ಹೋದ. ಬುಡನ್ ಸಾಹೇಬರು ಆಚೆ ಕೂತು ಪ್ರಯತ್ನಿಸಿದರು. ಸ್ಟೀರಿಂಗು ಹಿಡಿದ ಕೈಗೆ ದಬ್ಬಣ ಒಗ್ಗಲಿಲ್ಲ, ಎಳೆದ ಕಡೆಯೆಲ್ಲ ಬಟ್ಟೆ ಜೋಲುಬಿತ್ತು.

"ಅಮ್ಮಾರಿಗೆ ಕೇಳ್ರಿ ರುದ್ರಪ್ನೋರೇ. ಒಂದು ಮಾತು ಕೇಳ್ರಿ," ಎಂದರು ಸಾಹೇಬರು.

"ನೋಡಾಣ," ಎಂದರು ಅಪ್ಪ.

ಆಮೇಲೆ ಒಬ್ಬರೇ ಹೊಲಿಯತೊಡಗಿದರು. ಈಚೆ ನಿಂತು ದಬ್ಬಣ ಚುಚ್ಚುವುದು. ರೆಕ್ಕೆಯ ತುದಿಯವರೆಗೆ ನಡೆದು ಸುತ್ತಿಕೊಂಡು ಆಚೆ ಹೋಗಿ ಎಳೆಯುವುದು. ವಾಪಸು ಚುಚ್ಚಿ, ಮತ್ತೆ ಸುತ್ತಿಕೊಂಡು ಈಚೆ ಬರುವುದು. ಒಂದೊಂದು ಹೊಲಿಗೆಗೂ ಒಂದೊಂದು ಸುತ್ತು. ಕೊಟ್ಟಿಗೆಯ ಎದುರಿಗೇ ನಮ್ಮ ಅಡುಗೆಮನೆಯ ಕಿಟಕಿ. ಅವ್ವ ರೊಟ್ಟಿ ಬಡಿಯುತ್ತಾ ಅದನ್ನು ನೋಡುತ್ತಿದ್ದಳು. ಅಪ್ಪ ಸುತ್ತುವಾಗ ಅವಳ ಕೈ ನಿಲ್ಲುತ್ತಿತ್ತು, ಹಿಟ್ಟಿನ ಕೈಯನ್ನು ಹಾಗೇ ಹಿಡಿದಿರುತ್ತಿದ್ದಳು. ಅಪ್ಪ ಕಿಟಕಿಯ ಕಡೆ ಒಮ್ಮೆ ತಿರುಗಿದ್ದರೆ ಸಾಕಿತ್ತು. ಮುಟ್ಟಬೇಡ ಎಂದವರೇ ಮುಟ್ಟು ಎನ್ನಬೇಕಲ್ಲವೇ? ನಾನಿನ್ನೂ ಆ ಮಧ್ಯಾಹ್ನಗಳನ್ನು ನೆನೆದು ಸಂಕಟಪಡುತ್ತೇನೆ. ಹತ್ತು ಹೆಜ್ಜೆ ದೂರದಲ್ಲಿ ಕೊಡುವ ಮನಸ್ಸು ಇತ್ತು, ಬೇಡುವ ಮನಸ್ಸೂ ಇತ್ತು. ನಡುವೆ ಒಂದು ಮಾತು ಹುಟ್ಟಲಿಲ್ಲ.

ಆ ಹೊಲಿಗೆ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಯುದ್ಧ ಬಂದು ಪೆಟ್ರೋಲು ಸಿಗದಾಯಿತು. ಬಸ್ಸಿನ ಬೆನ್ನಿಗೆ ಇದ್ದಿಲು ಸುಡುವ ದೊಡ್ಡ ಡಬ್ಬಿ ಕಟ್ಟಿದರು. ಅದರ ಗ್ಯಾಸಿನಲ್ಲಿ ಬಸ್ಸು ಕೆಮ್ಮುತ್ತಾ ಏದುತ್ತಾ ಹೋಗುತ್ತಿತ್ತು, ಏರು ಬಂದರೆ ಜನ ಇಳಿದು ತಳ್ಳುತ್ತಿದ್ದರು. ಅಪ್ಪನ ಮುಖ ಸದಾ ಮಸಿ. ಬಸ್ಸೇ ಏಳದ ಕಾಲದಲ್ಲಿ ವಿಮಾನ ಎಲ್ಲಿ ಏಳಬೇಕು? ಅರ್ಧ ಬಟ್ಟೆ ತೊಟ್ಟ ರೆಕ್ಕೆ ಕೊಟ್ಟಿಗೆಯ ಗೋಡೆಗೆ ಒರಗಿಯೇ ಇತ್ತು. ಯುದ್ಧ ನಡೆದಿರುವಾಗಲೇ ಅಜ್ಜಿ ತೀರಿಕೊಂಡಳು. ಈಗ ಗಂಡ ಹೆಂಡಿರು ಮುಖ ನೋಡಿ ಮಾತಾಡಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆಡಲು ಅವರ ಹತ್ತಿರ ಮಾತೂ ಉಳಿದಿರಲಿಲ್ಲ. ಎಣ್ಣೆ ಆಗಿದೆ, ಉಪ್ಪು ಆಗಿದೆ. ನನಗೆ ಅವ್ವನ ಗುಣ ಬಂದಿದೆ, ಕೇಳದೆ ಕೊಡುವುದಿಲ್ಲ. ಅಪ್ಪನ ಗುಣವೂ ಬಂದಿದೆ, ಬಾಯಿಬಿಟ್ಟು ಕೇಳುವುದಿಲ್ಲ. ಈ ಎರಡೂ ಒಬ್ಬಳಲ್ಲೇ ಕೂಡಿದ್ದ ಹೆಂಗಸಿನ ಜೊತೆ ಬಾಳಿ ಹೋದ ನನ್ನ ಗಂಡನನ್ನು ನೆನೆದರೆ ಈಗ ಅಯ್ಯೋ ಪಾಪ ಎನಿಸುತ್ತದೆ.

ಯುದ್ಧ ಮುಗಿದ ಮೇಲೆ ಅಪ್ಪ ಬಸ್ಸು ಮಾರಿ, ಬುಡನ್ ಸಾಹೇಬರ ಜೊತೆ ಚನ್ನಗಿರಿಯಲ್ಲಿ ಮೋಟಾರು ರಿಪೇರಿಯ ಅಂಗಡಿ ಇಡುವುದೆಂದು ತೀರ್ಮಾನವಾಯಿತು. ಮನೆಯ ಸಾಮಾನೆಲ್ಲ ಗಾಡಿ ಹತ್ತಿತು. ವಿಮಾನವನ್ನು ಅಲ್ಲಿ ಇಡಲು ಜಾಗವಿರಲಿಲ್ಲ. ಅಷ್ಟು ಹೊತ್ತಿಗೆ ಸಂತೇಬೆನ್ನೂರಿನಿಂದ ನಾಟಕ ಆಡುವ ನಾಲ್ಕು ಜನ ಬಂದರು. ಅವರಿಗೆ ರಾವಣನ ಪುಷ್ಪಕಕ್ಕೆ ರೆಕ್ಕೆಯುಳ್ಳ ಒಂದು ರಥ ಬೇಕಿತ್ತಂತೆ. ಬಣ್ಣದ ಕಾಗದ ಅಂಟಿಸಿ, ಹಗ್ಗ ಕಟ್ಟಿ ರಂಗದ ಮೇಲೆ ಎತ್ತುತ್ತೇವೆ ಎಂದರು. ಅಪ್ಪ ಹೂಂ ಎಂದರು. ಎಂಜಿನ್ನು ಸಾಹೇಬರು ಮೊದಲೇ ಬಿಚ್ಚಿಟ್ಟುಕೊಂಡಿದ್ದರು. ಮೈಯನ್ನು ಗಾಡಿಗೆ ಕಟ್ಟಿ, ಅದರ ಮೇಲೆ ರೆಕ್ಕೆಯನ್ನು ಉದ್ದಕ್ಕೆ ಮಲಗಿಸಿದರು. ಒಂದು ಅರ್ಧದಲ್ಲಿ ಅಪ್ಪ ಹಾಕಿದ ಸೊಟ್ಟ ಹೊಲಿಗೆ. ಇನ್ನೊಂದು ಅರ್ಧದಲ್ಲಿ ಬರಿಯ ಬಿದಿರು. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಅವ್ವ ಹಿತ್ತಿಲ ಕಡೆಯಿಂದ ಬಂದು ಅವರ ಹಿಂದೆ ನಿಂತಳು. ನನ್ನನ್ನು ನೋಡಲಿಲ್ಲ, ನನ್ನ ಕೈಲಿ ಹೇಳಿಸಲಿಲ್ಲ.

"ಕೇಳಿದ್ರೆ ಹೊಲಿದು ಕೊಡ್ತಿದ್ದೆ."

ಅಪ್ಪ ತಿರುಗದೆಯೇ ಹೇಳಿದರು:

"ದಿನಾ ಕೇಳ್ಬೇಕು ಅನ್ಕಂತಿದ್ದೆ ಕಣೇ."

"ಮತ್ತೆ ಯಾಕ್ರೀ ಕೇಳ್ಲಿಲ್ಲ?"

ಅಪ್ಪ ಗದ್ದದ ಹಳೆಯ ಕಲೆಯನ್ನು ಉಜ್ಜಿಕೊಂಡರು.

"ನೀ ಹೂಂ ಅಂದ್ಬಿಟ್ರೆ, ಆಮ್ಯಾಲೆ ನಿನ್ನ ಮುಖ ಹೆಂಗೆ ನೋಡ್ಲಿ ಅಂತ."

ಅವ್ವ ಹೊಸ್ತಿಲು ದಾಟಿದಳು. ಖಾಲಿಯಾದ ಕೊಟ್ಟಿಗೆಯೊಳಗೆ ಬಿದಿರಿನ ಸಿಬಿರು, ದಾರದ ತುಂಡು, ಧೂಳು. ಬಿಟ್ಟು ಹೋಗುವ ಮನೆಯನ್ನು ಗುಡಿಸದೆ ಹೋಗಬಾರದೆಂದು ಅವಳು ಪೊರಕೆ ತಂದು ಬಗ್ಗಿದಳು. ಅಪ್ಪ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಒಂದು ಮೂಲೆಯಿಂದ ಗುಡಿಸತೊಡಗಿದರು. ನಮ್ಮ ಮನೆಯಲ್ಲಿ ಗಂಡಸು ಪೊರಕೆ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಅಪ್ಪನಿಗೆ ಅದು ಬರುತ್ತಲೂ ಇರಲಿಲ್ಲ, ಕಸಕ್ಕಿಂತ ಧೂಳೇ ಹೆಚ್ಚು ಏಳುತ್ತಿತ್ತು. ಅವ್ವ ಬಾಗಿಲಿಗೆ ಒರಗಿ ನಿಂತು ನೋಡಿದಳು. ಬೇಡ ಎನ್ನಲಿಲ್ಲ.